ಗುಡಿಯ ಕಲ್ಲು, ಗಾಣದ ಮರ

ಕೊಪ್ಪಳ ಜಿಲ್ಲೆಯ ಇಟಗಿಯನ್ನು ಕಾಣದವರೂ ಅಲ್ಲಿಯ ಮಹಾದೇವ ದೇವಾಲಯದ ಬಿರುದನ್ನು ಕೇಳಿರುತ್ತಾರೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಬಳಪದ ಕಲ್ಲಿನ ಆ ಕೆತ್ತನೆ ಒಂಬತ್ತು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿ ನಿಂತಿದೆ; ಈಗ ಅದಕ್ಕೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯೂ ಉಂಟು. ನಾನಿಲ್ಲಿ ಹೇಳಹೊರಟಿರುವುದು ಗುಡಿಯ ವಿಷಯವನ್ನಲ್ಲ. ಇಂಥ ಗುಡಿಗಳೊಳಗೆ ಹಗಲಿರುಳು ಉರಿದ ದೀಪಗಳಿಗೆ ಎಣ್ಣೆ ತೆಗೆದುಕೊಟ್ಟ ಯಂತ್ರವೊಂದಿತ್ತಲ್ಲ, ಅದರ ವಿಷಯವನ್ನು.

ಅದು ಗಾಣ. ನಮ್ಮ ಶಾಸನಗಳನ್ನು ಓದುವವರಿಗೆ ಈ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನಂದಾದೀವಿಗೆಗೆಂದು ಗಾಣಕ್ಕಿಷ್ಟು ಸೊಲ್ಲಗೆ ಎಣ್ಣೆ ಬಿಟ್ಟವರುಂಟು, ಗಾಣವನ್ನೇ ದೇವರಿಗೆ ದಾನ ಕೊಟ್ಟವರುಂಟು. ಅರಸರು ‘ಗಾಣದೆರೆ’ಯನ್ನು ಎತ್ತುತ್ತಿದ್ದರು. ಎಣ್ಣೆ ತೆಗೆಯುವವರಾದ ತೆಲ್ಲಿಗರು ‘ಐವತ್ತೊಕ್ಕಲು’ ಎಂಬ ಸಂಘ ಕಟ್ಟಿಕೊಂಡು, ಸೆಟ್ಟಿಗಳ ಸಮಕ್ಕೆ ನಿಂತು ದತ್ತಿ ಬಿಡುತ್ತಿದ್ದರು. ಇಟಗಿಯ ಗುಡಿ ಎದ್ದ ಶತಮಾನದಲ್ಲಿಯೇ ಕಲ್ಯಾಣದ ಶರಣರ ನಡುವೆ ಗಾಣದ ಕಣ್ಣಪ್ಪನೆಂಬ ವಚನಕಾರನಿದ್ದನು. ಕಸುಬೇ ಹೆಸರಿನ ಮೊದಲ ಮಾತಾಗಿತ್ತು.

ಇಷ್ಟೆಲ್ಲ ಇದ್ದೂ ಆ ಕಾಲದ ಗಾಣವೊಂದನ್ನು ತೋರಿಸಿರೆಂದರೆ ನಾವು ತೋರಿಸಬಲ್ಲುದು ಬಹುಮಟ್ಟಿಗೆ ಕಲ್ಲನ್ನು ಮಾತ್ರ. ಕೆಲವು ಊರುಗಳಲ್ಲಿ ಕಲ್ಗಾಣದ ಒರಳುಗಳು ಉಳಿದಿವೆ, ಕೆಲವದರ ಮೈಮೇಲೆ ಅಕ್ಷರವೂ ಇದೆ. ಆದರೆ ಅದನ್ನು ಯಂತ್ರವನ್ನಾಗಿ ಮಾಡುತ್ತಿದ್ದುದು ಮರ. ಓರೆಯಾಗಿ ನಿಂತು ಒರಳಿನೊಳಗೆ ಉರುಳುವ ಕಣೆ, ಅದರ ತಲೆಯನ್ನು ಹಿಡಿದ ಕೊಂಡಿ, ಕಲ್ಲು ಹೇರಿದ ಭಾರದ ದಿಮ್ಮಿ, ಎತ್ತಿನ ನೊಗ ಎಲ್ಲವೂ ಮರದವು. ಅನೇಕ ಕಡೆ ಒರಳೂ ಮರದ್ದೇ. ಒಳಮೈ ಸವೆದಂತೆಲ್ಲ ಬಡಗಿ ಬಂದು ಹೊಸ ಮರ ಕೂಡಿಸಬೇಕು. ಎತ್ತು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸುತ್ತಿದಂತೆ ಎಳ್ಳೋ ಕುಸುಬಿಯೋ ಜಜ್ಜಿ, ಚಿಮುಕಿಸಿದ ನೀರಿನಿಂದ ಹಿಂಡಿ ಗಟ್ಟಿಕಟ್ಟಿ, ಎಣ್ಣೆ ಬೇರೆಯಾಗುತ್ತದೆ. ಒಂದು ಸಲಕ್ಕೆ ಹಿಡಿಯುವ ಕಾಳು ಬಹಳವೇನಲ್ಲ. ಕಣೆಯ ಓರೆ ಕೊಂಚ ತಪ್ಪಿದರೂ ಎಣ್ಣೆಯೆಲ್ಲ ಹಿಂಡಿಯಲ್ಲೇ ಉಳಿಯುತ್ತದೆ. ಈ ಓರೆಯ ಲೆಕ್ಕ ಯಾವ ಶಾಸನದಲ್ಲಿಯೂ ಇಲ್ಲ. ಅದು ಬಡಗಿಯ ಕೈಯಲ್ಲಿತ್ತು.

ಮರ ಹೋದರೆ ಏನಾಗುತ್ತದೆಂಬುದಕ್ಕೆ ಚಿತ್ರದುರ್ಗದ ಕೋಟೆಯನ್ನು ನೋಡಬೇಕು. ಅಲ್ಲಿ ಮದ್ದು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳು ಹೊಂಡದೊಳಗೆ ಭದ್ರವಾಗಿವೆ. ಅವನ್ನು ತಿರುಗಿಸುತ್ತಿದ್ದ ಮರದ ಏರ್ಪಾಡು ಹೋಗಿಬಿಟ್ಟಿದೆ. ಆದುದರಿಂದ ಆನೆ ಕಟ್ಟಿ ತಿರುಗಿಸುತ್ತಿದ್ದರೆಂದು ಒಬ್ಬರು, ಕೋಣ ಕಟ್ಟಿ ತಿರುಗಿಸುತ್ತಿದ್ದರೆಂದು ಇನ್ನೊಬ್ಬರು ಹೇಳುತ್ತಾರೆ.

ಮರದ ಯಂತ್ರವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನು ಕಠಿನವಾಗಿ ಎದುರಿಸಿದವರು ಹಾಲೆಂಡಿನವರು. ನಮ್ಮಲ್ಲಿ ಗಾಳಿಯ ಕೆಲಸ ಕಣದಲ್ಲಿ ತೂರುವುದಕ್ಕೆ ಮುಗಿಯಿತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯೇ ಅದಕ್ಕೆ ಸಾಕ್ಷಿ. ಅವರಾದರೋ ಗಾಳಿಯನ್ನೇ ಎತ್ತಿನಂತೆ ಹೂಡಿ ಕಾಳು ಬೀಸಿದರು, ಎಣ್ಣೆ ತೆಗೆದರು, ಮರ ಕೊಯ್ದರು, ತಗ್ಗಿನ ನೆಲದ ನೀರನ್ನು ಎತ್ತಿ ಹಾಕಿದರು. 19ನೆಯ ಶತಮಾನದ ನಡುವೆ ಅಲ್ಲಿ ಸುಮಾರು ಒಂಬತ್ತು ಸಾವಿರ ಗಾಳಿಗಿರಣಿಗಳಿದ್ದುವು. ಉಗಿಯಂತ್ರ ಬಂದಿತು, ಡೀಸೆಲ್ ಬಂದಿತು, ಗಿರಣಿಗಳು ಸೌದೆಯಾದುವು. 1923ರಲ್ಲಿ ಗಾಳಿಗಿರಣಿಗಳ ರಕ್ಷಣೆಗೆಂದೇ ಒಂದು ಸಂಘ ಹುಟ್ಟಿತು. ಕಿಂಡರ್‌ಡೈಕ್ ಎಂಬಲ್ಲಿಯ ಹತ್ತೊಂಬತ್ತು ಗಿರಣಿಗಳು 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದುವು. ಆದರೆ ನಿಂತ ಗಿರಣಿಯ ಮರಕ್ಕೆ ನೀರು ಇಳಿಯುತ್ತದೆ, ಹುಳು ಹಿಡಿಯುತ್ತದೆ. ತಿರುಗಿಸಲು ಬಲ್ಲವರು ಬೇಕು. 1972ರಿಂದ ಅಲ್ಲಿ ಸ್ವಯಂಸೇವಕ ಗಿರಣಿಗಾರರ ಕೂಟವೊಂದು ತರಬೇತಿ ಕೊಟ್ಟು ಪರೀಕ್ಷೆಗೆ ಸಿದ್ಧಪಡಿಸುತ್ತಿದೆ. 2017ರಲ್ಲಿ ಯುನೆಸ್ಕೋ ಗಿರಣಿಗಾರನ ಕಸುಬನ್ನೇ ಪರಂಪರೆಯೆಂದು ಮನ್ನಿಸಿತು. ಸಾವಿರಕ್ಕೆ ಮೇಲ್ಪಟ್ಟು ಗಿರಣಿಗಳು ಇಂದಿಗೂ ಅಲ್ಲಿ ಉಳಿದಿವೆ.

ನಮ್ಮಲ್ಲಿ ಗಾಣದ ಪರವಾಗಿ ಯಾರೂ ನಿಲ್ಲಲಿಲ್ಲವೆಂದರೆ ತಪ್ಪಾದೀತು. 1934ರಲ್ಲಿ ಗಾಂಧೀಜಿಯವರು ಆರಂಭಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು, ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ, ಹಳೆಯ ಗಾಣವನ್ನು ತಿದ್ದಿ ‘ವಾರ್ಧಾ ಗಾಣ’ವನ್ನು ಬಳಕೆಗೆ ತಂದಿತು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರವಿಜ್ಞಾನಿ ಕೆ. ಟಿ. ಅಚ್ಚಯ್ಯನವರು 1993ರಲ್ಲಿ ಭಾರತದ ಗಾಣಗಳ ಮೇಲೆಯೇ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಹೊರತಂದರು. ಎಚ್. ಎಲ್. ನಾಗೇಗೌಡರ ಜಾನಪದ ಲೋಕದಂಥ ಸಂಸ್ಥೆಗಳು ಹಳ್ಳಿಯ ಸಲಕರಣೆಗಳನ್ನು ಕೂಡಿಟ್ಟಿವೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ಗಾಜಿನ ಹಿಂದೆ ಒಣಗಿ ನಿಂತ ಗಾಣ ನನಗೆ ಅರ್ಧ ಗಾಣವಾಗಿ ಕಾಣುತ್ತದೆ. ಎಣ್ಣೆ ಕುಡಿದಷ್ಟು ಕಾಲ ಅದರ ಮರಕ್ಕೆ ಆಯುಸ್ಸು, ಒಣಗಿದರೆ ಸೀಳುತ್ತದೆ.

ಈಚೆಗೆ ಪಟ್ಟಣಗಳಲ್ಲಿ ‘ಮರದ ಗಾಣದ ಎಣ್ಣೆ’ಗೆ ಗಿರಾಕಿಗಳು ಹೆಚ್ಚಿದ್ದಾರೆ. ಎತ್ತಿನ ಬದಲು ವಿದ್ಯುತ್ ಮೋಟಾರು ತಿರುಗಿಸುತ್ತದೆಂದು ಮೂಗು ಮುರಿಯುವವರ ಜೊತೆಗೆ ನಾನು ಸೇರಲಾರೆ. ಎತ್ತಿಗಾದರೂ ಬಿಡುಗಡೆಯಾಯಿತಲ್ಲ! ಮೋಟಾರು ತಿರುಗಿಸಿದರೂ ಕಣೆಯನ್ನು ಕಡೆಯಲು, ಒರಳನ್ನು ಹೊಂದಿಸಲು ಬಡಗಿ ಬೇಕು. ಆ ಬೇಡಿಕೆಯಿಂದ ಅವನ ಮನೆಯ ಹುಡುಗನಿಗೆ ಕೆಲಸ ಕಲಿಯಲು ಕಾರಣವೊಂದು ಸಿಕ್ಕುತ್ತದೆ.

ಕೊಪ್ಪಳ ಗದಗ ಸೀಮೆಯ ಬಯಲಿನಲ್ಲಿ ಇಂದು ವಿದ್ಯುತ್ತಿನ ಎತ್ತರದ ಗಾಳಿಯಂತ್ರಗಳು ತಿರುಗುತ್ತಿವೆ. ಇಟಗಿಗೆ ಗುಡಿ ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳು ಶಾಸನದ ಅಕ್ಷರಗಳನ್ನು ಬರೆದುಕೊಂಡು ಬರುತ್ತಾರೆ. ಅದೇ ಪುಸ್ತಕದಲ್ಲಿ ಸುತ್ತಲ ಹಳ್ಳಿಗಳ ಹಿರಿಯ ಬಡಗಿಗಳನ್ನೂ ಗಾಣಿಗರನ್ನೂ ಕೇಳಿ ನಾಲ್ಕು ಮಾತು ಬರೆದುಕೊಳ್ಳಲಿ. ಕಣೆಗೆ ಹುಣಿಸೆಯೋ ಜಾಲಿಯೋ, ಮರ ಕಡಿದು ಎಷ್ಟು ದಿನ ನೆನೆಯಿಡಬೇಕು, ಓರೆ ಎಷ್ಟು, ಭಾರವೆಷ್ಟು, ಒಂದೊಂದು ಭಾಗಕ್ಕೂ ಆ ಊರಿನ ಹೆಸರೇನು? ಶಾಸನ ಇನ್ನೂ ನೂರು ವರ್ಷ ಕಾದೀತು, ಅವರು ಕಾಯಲಾರರು.