ಲೀಲಾ ಚಿಟ್ನಿಸ್: ನಾಯಕಿಯ ಪಾತ್ರದಿಂದ ತಾಯಿಯ ಪಾತ್ರಕ್ಕೆ

ಚಲಚ್ಚಿತ್ರದ ಇತಿಹಾಸವನ್ನು ಸಾಮಾನ್ಯವಾಗಿ ನಾಯಕ ನಾಯಕಿಯರ ಕೀರ್ತಿಯನ್ನೇ ಮಾನದಂಡವಾಗಿ ಹಿಡಿದು ಬರೆಯಲಾಗುತ್ತದೆ. ಪೋಷಕ ಪಾತ್ರಧಾರಿಗಳ ಹೆಸರು ಪಟ್ಟಿಯ ಕೊನೆಗೆ ಸರಿಯುತ್ತದೆ. ಆದರೆ ಒಂದು ಕಾಲದ ಸಮಾಜವು ಸ್ತ್ರೀಯ ವಯಸ್ಸನ್ನು ಹೇಗೆ ಎಣಿಸಿತು, ಅವಳ ದುಡಿಮೆಗೆ ಎಷ್ಟು ಬೆಲೆ ಕೊಟ್ಟಿತು ಎಂಬುದನ್ನು ಅರಿಯಲು ಆ ಕೊನೆಯ ಹೆಸರುಗಳೇ ಹೆಚ್ಚು ನೆರವಾಗುತ್ತವೆಂದು ನಮ್ಮ ಅಭಿಪ್ರಾಯ. ಈ ದೃಷ್ಟಿಯಿಂದ ಲೀಲಾ ಚಿಟ್ನಿಸ್ ಅವರ ವೃತ್ತಿಜೀವನವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಲೀಲಾ ಅವರು 1909ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದರು. ನಗರ್ಕರ್ ಎಂಬುದು ತವರಿನ ಹೆಸರು. ತಂದೆ ಇಂಗ್ಲಿಷ್ ಅಧ್ಯಾಪಕರು. ಪದವಿಯವರೆಗೆ ಓದಿದ ಹೆಣ್ಣುಮಕ್ಕಳು ವಿರಳವಾಗಿದ್ದ ಕಾಲದಲ್ಲಿ ಅವರು ಪದವೀಧರೆಯಾದರು. ದಾಂಪತ್ಯವು ಮುರಿದ ಬಳಿಕ ನಾಲ್ವರು ಗಂಡುಮಕ್ಕಳ ಪೋಷಣೆಯ ಭಾರ ಅವರ ಮೇಲೆ ಬಿದ್ದಿತು. ನಟನೆಯು ಅವರಿಗೆ ಕಲೆಯಾಗಿದ್ದಂತೆಯೇ ಜೀವನೋಪಾಯವೂ ಆಗಿತ್ತೆಂಬುದನ್ನು ನಾವು ಮರೆಯಲಾಗದು.

ಮರಾಠಿ ರಂಗಭೂಮಿಯೂ ಆಗ ಸಂಕ್ರಮಣಾವಸ್ಥೆಯಲ್ಲಿತ್ತು. ಬಾಲಗಂಧರ್ವರಂತಹ ಪುರುಷರು ಸ್ತ್ರೀಪಾತ್ರಗಳನ್ನು ವಹಿಸಿ ಜನಮನವನ್ನು ಸೂರೆಗೊಂಡಿದ್ದ ಸಂಗೀತ ನಾಟಕಗಳ ಯುಗವು ಇಳಿಮುಖವಾಗಿತ್ತು. 1933ರಲ್ಲಿ ಸ್ಥಾಪಿತವಾದ ನಾಟ್ಯಮನ್ವಂತರ ಸಂಸ್ಥೆಯು ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಒಪ್ಪಿಸಿ, ವಾಸ್ತವಿಕ ನಾಟಕಕ್ಕೆ ದಾರಿ ಮಾಡಿತು. ವಿದ್ಯಾವಂತ ಯುವತಿಯೊಬ್ಬಳು ರಂಗವನ್ನೇರಲು ಸಾಧ್ಯವಾದುದು ಇಂತಹ ಪ್ರಯತ್ನಗಳಿಂದಲೇ. ಲೀಲಾ ಅವರು ಈ ಸಂಸ್ಥೆಯ ಮೂಲಕ ರಂಗಭೂಮಿಯನ್ನು ಪ್ರವೇಶಿಸಿದರು.

ವಾಕ್ಚಿತ್ರಗಳಲ್ಲಿ ಅವರ ಮೊದಲ ಪಾತ್ರಗಳು ಸಣ್ಣವು. 1939ರಲ್ಲಿ ಬಾಂಬೆ ಟಾಕೀಸ್‌ನ 'ಕಂಗನ್' ಚಿತ್ರದಲ್ಲಿ ಅಶೋಕ್ ಕುಮಾರರಿಗೆ ನಾಯಕಿಯಾಗಿ ಅವರು ದೇಶಾದ್ಯಂತ ಪರಿಚಿತರಾದರು. 'ಬಂಧನ್' (1940), 'ಝೂಲಾ' (1941) ಚಿತ್ರಗಳು ಆ ಕೀರ್ತಿಯನ್ನು ದೃಢಪಡಿಸಿದವು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರತಾರೆ ಅವರೇ.

ಇದಾದ ಏಳೇ ವರ್ಷಗಳಲ್ಲಿ, 1948ರ 'ಶಹೀದ್' ಚಿತ್ರದಲ್ಲಿ, ಅವರು ದಿಲೀಪ್ ಕುಮಾರರ ತಾಯಿಯಾದರು. ದಿಲೀಪ್ ಕುಮಾರರು ಹುಟ್ಟಿದ್ದು 1922ರಲ್ಲಿ. ಎಂದರೆ ತಾಯಿಗೂ ಮಗನಿಗೂ ಇದ್ದ ಅಂತರ ಕೇವಲ ಹದಿಮೂರು ವರ್ಷ. ಇನ್ನೊಂದು ಹೋಲಿಕೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. 1911ರಲ್ಲಿ ಜನಿಸಿದ ಅಶೋಕ್ ಕುಮಾರರು ಲೀಲಾ ಅವರಿಗಿಂತ ಎರಡು ವರ್ಷವಷ್ಟೇ ಕಿರಿಯರು. ಅವರು 1958ರ 'ಹೌರಾ ಬ್ರಿಜ್' ಚಿತ್ರದಲ್ಲಿ 1933ರಲ್ಲಿ ಹುಟ್ಟಿದ ಮಧುಬಾಲಾ ಅವರಿಗೆ ನಾಯಕರಾಗಿದ್ದರು. ಒಂದೇ ಚಿತ್ರದಲ್ಲಿ ಜೊತೆಯಾಗಿ ನಟಿಸಿದ ಇಬ್ಬರಲ್ಲಿ ಪುರುಷನು ಪ್ರಣಯಿಯಾಗಿಯೇ ಉಳಿದನು. ಸ್ತ್ರೀಯು ಹತ್ತು ವರ್ಷಗಳ ಹಿಂದೆಯೇ ತಾಯಿಯಾಗಿದ್ದಳು. ಇದನ್ನು ವ್ಯಕ್ತಿಯೊಬ್ಬರ ಅದೃಷ್ಟವೆಂದು ತಳ್ಳಿಹಾಕುವುದು ಸಾಧುವಲ್ಲ. ಕಾಲವನ್ನು ಅಳೆಯಲು ಚಿತ್ರೋದ್ಯಮವು ಎರಡು ಬೇರೆ ಕೋಲುಗಳನ್ನು ಬಳಸುತ್ತಿತ್ತೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಅವರ ಉತ್ತರಾರ್ಧವನ್ನು ಅವನತಿಯೆಂದು ಕರೆಯಲು ನಾವು ಒಪ್ಪುವುದಿಲ್ಲ. 'ಆವಾರಾ' (1951) ಚಿತ್ರದಲ್ಲಿ ಪತಿಯ ಸಂಶಯಕ್ಕೆ ಗುರಿಯಾಗಿ ಮನೆಯಿಂದ ಹೊರದೂಡಲ್ಪಟ್ಟ ಪತ್ನಿಯ ಪಾತ್ರ ಅವರದು. ಕಥೆಯ ನೈತಿಕ ಪ್ರಶ್ನೆಯೆಲ್ಲವೂ ಆ ಅನ್ಯಾಯದಿಂದಲೇ ಹುಟ್ಟುತ್ತದೆ. 'ಗಂಗಾ ಜಮುನಾ' (1961) ಚಿತ್ರದ ಗೋವಿಂದಿಯು ಜಮೀನ್ದಾರನ ಮನೆಯಲ್ಲಿ ದುಡಿದು, ಕಳ್ಳತನದ ಸುಳ್ಳು ಆರೋಪಕ್ಕೆ ಒಳಗಾಗುತ್ತಾಳೆ. ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿದ 'ಗೈಡ್' (1965) ಚಿತ್ರದಲ್ಲಿ, ಮಗನು ನರ್ತಕಿಯನ್ನು ಮನೆಗೆ ಕರೆತಂದುದನ್ನು ಸಹಿಸದೆ ತಾಯಿಯೇ ಮನೆಯನ್ನು ತೊರೆಯುತ್ತಾಳೆ. ಒಬ್ಬಳು ರೂಢಿಗೆ ಬಲಿಯಾದವಳು, ಒಬ್ಬಳು ಬಡತನಕ್ಕೆ ಬಲಿಯಾದವಳು, ಮತ್ತೊಬ್ಬಳು ರೂಢಿಯನ್ನೇ ಎತ್ತಿಹಿಡಿದವಳು. ಹೊರನೋಟಕ್ಕೆ ಒಂದೇ ಬಗೆಯೆಂದು ತೋರುವ ಪಾತ್ರದಲ್ಲಿ ಇಷ್ಟು ಭೇದಗಳಿದ್ದವು.

ತೆರೆಯ ಹಿಂದಿನ ಕಾರ್ಯದಲ್ಲಿಯೂ ಅವರು ತೊಡಗಿದ್ದರು. 1942ರಲ್ಲಿ 'ಕಿಸೀಸೆ ನ ಕಹ್ನಾ' ಚಿತ್ರವನ್ನು ನಿರ್ಮಿಸಿದರು. 1955ರಲ್ಲಿ 'ಆಜ್ ಕೀ ಬಾತ್' ಚಿತ್ರವನ್ನು ನಿರ್ದೇಶಿಸಿದರು. 1981ರಲ್ಲಿ 'ಚಂದೇರಿ ದುನಿಯೇತ್' ಎಂಬ ಮರಾಠಿ ಆತ್ಮಕಥೆಯನ್ನು ಪ್ರಕಟಿಸಿದರು. ಕಡೆಯ ವರ್ಷಗಳನ್ನು ಅಮೆರಿಕದಲ್ಲಿ ಕಳೆದು, 2003ರ ಜುಲೈ 14ರಂದು ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ನಿಧನರಾದರು.

ಚಿತ್ರಗಳ ಬಿಡುಗಡೆಯ ವರ್ಷ ಮತ್ತು ನಟರ ಜನ್ಮವರ್ಷ, ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಶಾಸನಗಳಲ್ಲಿ ದೊರೆಯದ ಸಾಮಾಜಿಕ ಇತಿಹಾಸವೊಂದು ಗೋಚರಿಸುತ್ತದೆ. ಪೋಷಕ ಪಾತ್ರದ ಇತರ ನಟಿಯರ ವಿಷಯದಲ್ಲಿಯೂ ವಿದ್ಯಾರ್ಥಿಗಳು ಇದೇ ಕ್ರಮವನ್ನು ಅನುಸರಿಸಿ ನೋಡಬೇಕೆಂದು ನಾವು ಆಶಿಸುತ್ತೇವೆ.