ಹಿಡಿ ಅಕ್ಕಿಯ ಚಿತ್ತಾರ

ಮನೆಯ ಅಲಂಕಾರಕ್ಕೆ ಅಂಗಡಿಗೆ ಹೋಗಬೇಕೆಂಬುದು ಈಚಿನ ರೂಢಿ. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಬೇಕಾದುದನ್ನೆಲ್ಲ ಮನೆಯಲ್ಲಿಯೂ ಹಿತ್ತಿಲಲ್ಲಿಯೂ ಕಂಡುಕೊಂಡರು. ಗೋಡೆಗೆ ಕೆಮ್ಮಣ್ಣು, ಬಿಳುಪಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಅದೇ ಅಕ್ಕಿ, ಸೀಯುವಂತೆ ಹುರಿದದ್ದು, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿಯ ನಾರು. ಮದುವೆಯಲ್ಲಿ ವಧೂವರರು ಕೂರುವುದು ಈ ಚಿತ್ತಾರದ ಮುಂದೆ.

ಹೀಗೆ ಗೋಡೆ ಸಿಂಗರಿಸಿದವರ ಕಣಜ ತುಂಬಿರುತ್ತಿರಲಿಲ್ಲ. ದೀವರಲ್ಲಿ ಬಹುಮಂದಿ ಗೇಣಿದಾರರು. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ದೊಡ್ಡ ಕೊಳಗವನ್ನು ಪ್ರತಿಭಟಿಸಿ ಅವರು 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದರು. ಕೊಳಗದ ಅಂಚಿನ ಭತ್ತಕ್ಕೂ ಹೋರಾಡಬೇಕಾಗಿದ್ದ ಜನ ಹಿಡಿ ಅಕ್ಕಿಯನ್ನು ಗೋಡೆಗೆಂದು ಮೀಸಲಿಡುತ್ತಿದ್ದರೆಂಬುದನ್ನು ನಾವು ಮರೆಯಬಾರದು.

ಕಾಗೋಡು ಚರಿತ್ರೆಯ ಪುಟ ಸೇರಿತು. 1974ರ ಭೂಸುಧಾರಣೆಯ ಮಾತು ಬಂದಾಗಲೆಲ್ಲ ಅದನ್ನು ನೆನೆಯುತ್ತೇವೆ. ಚಿತ್ತಾರ ಬರೆದ ಕೈಗಳ ಹೆಸರುಗಳೋ ಬಹುಪಾಲು ದಾಖಲಾಗಲಿಲ್ಲ. ಗೋಡೆಗೆ ಮತ್ತೆ ಕೆಮ್ಮಣ್ಣು ಬಳಿದೊಡನೆ ಹಳೆಯ ಚಿತ್ತಾರ ಅಳಿಯುತ್ತಿತ್ತು. ತಾಯಿಯಿಂದ ಮಗಳಿಗೆ ದಾಟಿದ ಕೈಬಳಕೆಯೇ ಅದರ ಕಡತ. ಇಂದು ಚಿತ್ತಾರ ಕಾಗದಕ್ಕೂ ಬಟ್ಟೆಗೂ ಇಳಿದು ಮಾರಾಟವಾಗುತ್ತಿದೆ. ಕೊಳ್ಳುವವರು ಬರೆದವಳ ಹೆಸರನ್ನು ಕೇಳಿ ಗುರುತಿಟ್ಟುಕೊಂಡರೆ, ಚರಿತ್ರೆಯ ಒಂದು ಹಳೆಯ ಬಾಕಿ ತೀರಲು ಮೊದಲಾದೀತು.