ಸೊಟ್ಟ ಸೌತೆಕಾಯಿ, ಸೀಳಿದ ಟೊಮೆಟೊ ಕೊಳ್ಳಬಹುದೇ? ಮನೆಯಲ್ಲಿ ಆಹಾರ ಪೋಲಾಗುವುದನ್ನು ತಡೆಯುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಪುಣೆ: ಸಂಜೆ ಹೊತ್ತು ಪುಣೆಯ ಯಾವುದಾದರೂ ತರಕಾರಿ ಗಾಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಟೊಮೆಟೊ ಬುಟ್ಟಿಗೆ ಕೈ ಹಾಕಿದವರೆಲ್ಲ ದುಂಡಗಿನ, ನುಣುಪಾದ, ಒಂದೇ ಬಣ್ಣದ ಹಣ್ಣನ್ನೇ ಹುಡುಕುತ್ತಾರೆ. ಸೀಳಿದ್ದು, ಸೊಟ್ಟಗಿರುವುದು, ಗೀರು ಬಿದ್ದದ್ದು ಬುಟ್ಟಿಯ ತಳದಲ್ಲೇ ಉಳಿಯುತ್ತದೆ. ಹೀಗೆ ಆರಿಸಿ ತಂದ ಚೆಂದದ ತರಕಾರಿಯಲ್ಲೂ ಒಂದಷ್ಟು ಫ್ರಿಜ್‌ನಲ್ಲಿ ಬಾಡುತ್ತದೆ. ಬಾಡಿದ್ದು ಕಣ್ಣಿಗೆ ಹಿಡಿಸದು, ಹಾಗಾಗಿ ಅದೂ ಕಸದ ಬುಟ್ಟಿಗೆ ಬೀಳುತ್ತದೆ.

ಅಂಗಡಿಯಲ್ಲೂ ಮನೆಯಲ್ಲೂ ನಾವು ಮಾಡುವ ತಪ್ಪು ಒಂದೇ: ನೋಟವನ್ನೇ ಗುಣ ಎಂದುಕೊಳ್ಳುವುದು. ಕಬ್ಬು ಡೊಂಕಾದರೆ ಸಿಹಿಯೂ ಡೊಂಕಾಗುತ್ತದೆಯೇ ಎಂದು ಹಿರಿಯರು ಕೇಳುತ್ತಿದ್ದುದು ಇದನ್ನೇ. ಹಾಗಾದರೆ ಯಾವ ಕಲೆ ನಿರುಪದ್ರವಿ? ಯಾವುದು ನಿಜಕ್ಕೂ ಅಪಾಯಕಾರಿ? ತಂದದ್ದನ್ನು ಪೂರ್ತಿ ಬಳಸುವುದು ಹೇಗೆ?

ಎಷ್ಟು ಆಹಾರ ಪೋಲಾಗುತ್ತಿದೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ (ಯುಎನ್‌ಇಪಿ) 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ. ಅದರಲ್ಲಿ ಸುಮಾರು ಶೇ 60ರಷ್ಟು ಪೋಲಾದದ್ದು ಹೋಟೆಲ್, ಅಂಗಡಿಗಳಲ್ಲಲ್ಲ, ಮನೆಗಳಲ್ಲಿ.

ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 55 ಕೆ.ಜಿ. ಆಹಾರ ವ್ಯರ್ಥವಾಗುತ್ತಿದೆ ಎಂದು ಅದೇ ವರದಿ ಅಂದಾಜಿಸಿದೆ. ಜಾಗತಿಕ ಸರಾಸರಿ 79 ಕೆ.ಜಿ. ನಾಲ್ಕು ಜನರ ಕುಟುಂಬಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 220 ಕೆ.ಜಿ., ದಿನಕ್ಕೆ ಸುಮಾರು 600 ಗ್ರಾಂ. ಸಿಪ್ಪೆ, ಬೀಜ, ಮೂಳೆಯಂತಹ ತಿನ್ನಲಾಗದ ಭಾಗವೂ ಇದರಲ್ಲಿ ಸೇರಿದೆ ಎಂಬುದನ್ನು ಗಮನಿಸಬೇಕು.

ಪುಣೆಯ ಹಸಿ ಕಸ ಎಲ್ಲಿಗೆ ಹೋಗುತ್ತದೆ?

ಪುಣೆ ನಗರದಲ್ಲಿ ದಿನಕ್ಕೆ 2,000 ಟನ್‌ಗೂ ಹೆಚ್ಚು ಕಸ ಹುಟ್ಟುತ್ತದೆ. ಹಲವು ವರ್ಷಗಳ ಕಾಲ ಅದು ನಗರದ ಅಂಚಿನ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಪಕ್ಕದಲ್ಲಿ ರಾಶಿ ಬೀಳುತ್ತಿತ್ತು. ದುರ್ವಾಸನೆ, ಬೆಂಕಿ, ಕೆಟ್ಟ ಅಂತರ್ಜಲದಿಂದ ಬೇಸತ್ತ ಗ್ರಾಮಸ್ಥರು ಹಲವು ಬಾರಿ ಕಸದ ಲಾರಿಗಳನ್ನು ತಡೆದು ಪ್ರತಿಭಟಿಸಿದ್ದಾರೆ.

ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸವನ್ನು ನಗರದ ಬಹುಭಾಗದಲ್ಲಿ ‘ಸ್ವಚ್ಛ್’ ಸಹಕಾರ ಸಂಘ ಮಾಡುತ್ತಿದೆ. ಚಿಂದಿ ಆಯುವವರೇ ಇದರ ಸದಸ್ಯರು, ಅವರಲ್ಲಿ ಹೆಚ್ಚಿನವರು ಮಹಿಳೆಯರು. 1993ರಲ್ಲಿ ಹುಟ್ಟಿದ ಅವರ ಕಾರ್ಮಿಕ ಸಂಘಟನೆ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ನ ಹೋರಾಟದಿಂದ ರೂಪುಗೊಂಡ ವ್ಯವಸ್ಥೆ ಇದು. ಮೂರು ದಿನದ ಹಳಸಿದ ಸಾರನ್ನು ಪ್ಲಾಸ್ಟಿಕ್ ಕವರ್‌ನಲ್ಲೇ ಕಟ್ಟಿ ಬುಟ್ಟಿಗೆ ಹಾಕಿದರೆ, ಅದನ್ನು ಬಿಚ್ಚಿ ಬೇರ್ಪಡಿಸುವುದು ಒಬ್ಬ ಮಹಿಳೆಯ ಕೈ.

ರಾಶಿಯಲ್ಲಿ ಗಾಳಿಯಾಡದೆ ಕೊಳೆಯುವ ಆಹಾರದಿಂದ ಮೀಥೇನ್ ಅನಿಲ ಹೊರಬರುತ್ತದೆ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 8ರಿಂದ 10ರಷ್ಟು ಪಾಲು ಆಹಾರ ನಷ್ಟ ಮತ್ತು ಪೋಲಿನದ್ದು ಎನ್ನುತ್ತದೆ ವಿಶ್ವಸಂಸ್ಥೆ.

ತರಕಾರಿ ಸೊಟ್ಟಗಾಗುವುದು ಏಕೆ?

ಬಹುತೇಕ ಸಂದರ್ಭಗಳಲ್ಲಿ ಕಾರಣ ಹವಾಮಾನ ಮತ್ತು ಮಣ್ಣು. ಕಲಬೆರಕೆಯೂ ಅಲ್ಲ, ಕೊಳೆತವೂ ಅಲ್ಲ.

* ಸೌತೆಕಾಯಿ: ಪರಾಗಸ್ಪರ್ಶ ಸರಿಯಾಗಿ ಆಗದಿದ್ದರೆ ಅಥವಾ ನೀರು ಹೆಚ್ಚುಕಡಿಮೆಯಾದರೆ ಡೊಂಕಾಗುತ್ತದೆ.
* ಕ್ಯಾರೆಟ್, ಮೂಲಂಗಿ: ಬೇರು ಇಳಿಯುವಾಗ ಕಲ್ಲು ಅಥವಾ ಗಟ್ಟಿ ಹೆಂಟೆ ಅಡ್ಡ ಬಂದರೆ ಕವಲೊಡೆಯುತ್ತದೆ.
* ಟೊಮೆಟೊ: ಒಣಹವೆಯ ನಂತರ ಒಮ್ಮೆಲೇ ಮಳೆ ಬಂದರೆ ಒಳಗಿನ ತಿರುಳು ಸಿಪ್ಪೆಗಿಂತ ಬೇಗ ಹಿಗ್ಗಿ ಸೀಳುತ್ತದೆ.
* ದಾಳಿಂಬೆ: ಬಿಸಿಲು, ಗಾಳಿ, ಕೊಂಬೆಯ ಉಜ್ಜಾಟದಿಂದ ಸಿಪ್ಪೆ ಕಂದಾಗುತ್ತದೆ. ಸೊಲ್ಲಾಪುರದ ದಾಳಿಂಬೆಯ ಕಂದು ಮೈ ಒಳಗೂ ಕೆಂಪು ಕಾಳು ಇರಬಹುದು.
* ಅಂಜೂರ: 2016ರಲ್ಲಿ ಜಿಐ ಟ್ಯಾಗ್ ಪಡೆದ ಪುರಂದರದ ಅಂಜೂರವೂ ಸೇರಿ ಯಾವುದೇ ಅಂಜೂರದ ಮೈಮೇಲಿನ ಸಣ್ಣ ಬಿರುಕುಗೆರೆ ಹಣ್ಣಾಗಿರುವ ಗುರುತು.
* ಬಾಳೆಹಣ್ಣು: ಕಂದು ಚುಕ್ಕೆ ಬಂದರೆ ಪಿಷ್ಟ ಸಕ್ಕರೆಯಾಗಿದೆ ಎಂದರ್ಥ. ಸಿಹಿ ಹೆಚ್ಚು.

ರೈತನಿಗೆ ಆಗುವ ನಷ್ಟವೇನು?

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಂತಹ ಸಗಟು ಮಾರುಕಟ್ಟೆಯಲ್ಲಿ ಗಾತ್ರ, ಬಣ್ಣ ನೋಡಿಯೇ ದರ ನಿಗದಿ. ಮಹಾರಾಷ್ಟ್ರದ ಈರುಳ್ಳಿ ಮಾರುಕಟ್ಟೆಗಳಲ್ಲಿ ಸಣ್ಣ ಗಡ್ಡೆಗೆ ‘ಗೋಲ್ಟಿ’ ಎಂಬ ಹೆಸರೇ ಇದೆ, ದರವೂ ಬೇರೆ. ಬೀಜ, ಗೊಬ್ಬರ, ನೀರು, ಕೂಲಿ ಮಾತ್ರ ಎರಡಕ್ಕೂ ಒಂದೇ. ಕೀಳುವ ಕೂಲಿ ಮತ್ತು ಲಾರಿ ಬಾಡಿಗೆಯೂ ಹುಟ್ಟದಿದ್ದರೆ ರೈತ ಅದನ್ನು ಹೊಲದಲ್ಲೇ ಬಿಡುತ್ತಾನೆ.

2023ರ ಜುಲೈನಲ್ಲಿ ಟೊಮೆಟೊ ಕೆ.ಜಿಗೆ ₹100 ದಾಟಿದ್ದು ನೆನಪಿರಬಹುದು. ಆಗ ಸೀಳಿದ ಹಣ್ಣಿಗೂ ಗಿರಾಕಿ ಇದ್ದರು. ಕೆಲವೇ ವಾರಗಳಲ್ಲಿ ದರ ಕುಸಿದು, ಮಹಾರಾಷ್ಟ್ರದ ರೈತರು ಒಳ್ಳೆಯ ಹಣ್ಣನ್ನೇ ರಸ್ತೆಗೆ ಸುರಿದರು. ಹಣ್ಣು ಅದೇ, ಬದಲಾದದ್ದು ನಮ್ಮ ಕಣ್ಣು.

ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ಅಧ್ಯಯನದ ಪ್ರಕಾರ, ಕೊಯ್ಲಿನಿಂದ ಮಾರಾಟದವರೆಗೆ ಶೇ 12.44ರಷ್ಟು ಟೊಮೆಟೊ, ಶೇ 15.88ರಷ್ಟು ಸೀಬೆಹಣ್ಣು ನಷ್ಟವಾಗುತ್ತದೆ. ನಷ್ಟಕ್ಕೆ ಸಾಗಣೆ, ಸಂಗ್ರಹಣೆಯೂ ಕಾರಣ. ಆದರೆ ಆರಿಸಿ ಬಿಸಾಡುವ ಪಾಲನ್ನು ಗ್ರಾಹಕರೇ ಕಡಿಮೆ ಮಾಡಬಹುದು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಸೌತೆಕಾಯಿ ಎಷ್ಟು ಬಾಗಿರಬಹುದು ಎಂದು ಕಾನೂನಿನಲ್ಲೇ ಬರೆದಿಟ್ಟಿದ್ದ ಯುರೋಪಿಯನ್ ಒಕ್ಕೂಟ, 2009ರ ಜುಲೈ 1ರಿಂದ 26 ಹಣ್ಣು-ತರಕಾರಿಗಳಿಗೆ ಇಂಥ ನಿಯಮ ಕೈಬಿಟ್ಟಿತು. 2014ರಲ್ಲಿ ಫ್ರಾನ್ಸ್‌ನ ಇಂಟರ್‌ಮಾರ್ಷೆ ಮಳಿಗೆಗಳು ಸೊಟ್ಟ ತರಕಾರಿಯನ್ನು ಕಡಿಮೆ ದರಕ್ಕೆ ಮಾರುವ ಅಭಿಯಾನ ನಡೆಸಿ ಸುದ್ದಿಯಾದವು.

ಯಾವುದನ್ನು ಕೊಳ್ಳಬಹುದು? ಯಾವುದು ಬೇಡವೇ ಬೇಡ?

ಕೊಳ್ಳಬಹುದಾದವು: ಡೊಂಕು ಕಾಯಿ, ಕವಲು ಬೇರು, ಒಣಗಿದ ಗೀರು, ಸಣ್ಣ ಗಾತ್ರ, ಬಣ್ಣ ಒಂದೇ ಸಮ ಇಲ್ಲದ್ದು. ಹೊಸದಾಗಿ ಸೀಳಿದ ಟೊಮೆಟೊವನ್ನು ಅಂದೇ ಸಾರು, ಗೊಜ್ಜಿಗೆ ಬಳಸಿ.

ಎಚ್ಚರ ವಹಿಸಬೇಕಾದವು:

* ಕಹಿ ಸೋರೆಕಾಯಿ: ನೋಡಲು ಎಷ್ಟೇ ಚೆನ್ನಾಗಿದ್ದರೂ ಕಹಿ ಇದ್ದರೆ ಎಸೆಯಿರಿ. ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶದಿಂದ ಪ್ರಾಣಕ್ಕೇ ಅಪಾಯ. ಕತ್ತರಿಸಿದ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ.
* ಹಸಿರಾದ ಆಲೂಗಡ್ಡೆ: ಹಸಿರು ಭಾಗ ಮತ್ತು ಮೊಳಕೆಯನ್ನು ಆಳವಾಗಿ ಕತ್ತರಿಸಿ ತೆಗೆಯಿರಿ. ಬಹುಪಾಲು ಹಸಿರಾಗಿದ್ದರೆ ಬಳಸಬೇಡಿ.
* ಬೂಷ್ಟು: ಟೊಮೆಟೊ, ಬ್ರೆಡ್, ಬೇಯಿಸಿದ ಆಹಾರದಂಥ ಮೆತ್ತನೆಯವಕ್ಕೆ ಬಂದಿದ್ದರೆ ಪೂರ್ತಿ ಎಸೆಯಿರಿ. ಬೂಷ್ಟು ಹಿಡಿದ ಶೇಂಗಾವನ್ನು ಬಳಸಲೇಬೇಡಿ.

ಉಳಿಸುವ ಆಸೆಗೆ ಬಿದ್ದು ಕೆಟ್ಟದ್ದನ್ನು ತಿನ್ನುವುದು ಉಳಿತಾಯವಲ್ಲ.

ಹೆಚ್ಚು ದಿನ ಉಳಿಯಲು ಹೇಗಿಡಬೇಕು?

* ಬಾಳೆ, ಮಾವು, ಪಪ್ಪಾಯ, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ.
* ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಎರಡಕ್ಕೂ ಗಾಳಿಯಾಡುವ, ಕತ್ತಲಿನ ಜಾಗ ಬೇಕು.
* ಕೊತ್ತಂಬರಿ, ಮೆಂತ್ಯೆ ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ.
* ಬಾಡಿದ ಕ್ಯಾರೆಟ್, ಮೂಲಂಗಿಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಹಾಕಿ. ಮತ್ತೆ ಬಿಗಿಯಾಗುತ್ತದೆ.
* ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಚೆನ್ನಾಗಿ ಬಿಸಿ ಮಾಡಿ ಮುಗಿಸಿ.

ಅಜ್ಜಿಯರಿಗೆ ಗೊತ್ತಿದ್ದ ದಾರಿ

ಹೀರೇಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಬಾಳೆದಿಂಡಿನ ಪಲ್ಯ, ಹಲಸಿನ ಬೀಜದ ಸಾರು, ತಂಗಳನ್ನದ ಚಿತ್ರಾನ್ನ ಕನ್ನಡ ಮನೆಗಳಿಗೆ ಹೊಸದಲ್ಲ. ಪುಣೆಯ ಮರಾಠಿ ಮನೆಗಳಲ್ಲಿ ಉಳಿದ ಅನ್ನ ‘ಫೋಡಣೀಚಾ ಭಾತ್’ ಆಗುತ್ತದೆ, ಉಳಿದ ಚಪಾತಿಯನ್ನು ಪುಡಿ ಮಾಡಿ ಈರುಳ್ಳಿ ಒಗ್ಗರಣೆ ಹಾಕಿದರೆ ‘ಫೋಡಣೀಚಿ ಪೋಳಿ’. ಎರಡೂ ಕಡೆ ಇದನ್ನು ಯಾರೂ ‘ಮರುಬಳಕೆ’ ಎಂದು ಕರೆಯಲಿಲ್ಲ, ತಿಂಡಿ ಎಂದರು.

ಇಷ್ಟಾದರೂ ಉಳಿಯುವ ಸಿಪ್ಪೆ?

ಮನೆಯಲ್ಲೇ ಗೊಬ್ಬರ ಮಾಡುವುದು ಸುಲಭದ ದಾರಿ. ಹಸಿ ಕಸದ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿದರೆ ವಾಸನೆ ಬರುವುದಿಲ್ಲ. ಎರೆಹುಳು ಗೊಬ್ಬರ ಘಟಕ ಇರುವ ಕಟ್ಟಡಗಳಿಗೆ ಪುಣೆ ಮಹಾನಗರ ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯನ್ನೂ ನೀಡುತ್ತದೆ.

ಜಾಗ ಇದ್ದವರಿಗೆ ಜೈವಿಕ ಅನಿಲದ ದಾರಿಯೂ ಇದೆ. ಪುಣೆಯ ವಿಜ್ಞಾನಿ ಆನಂದ ಕರ್ವೆ ಅವರು ಸ್ಥಾಪಿಸಿದ ‘ಆರ್ತಿ’ ಸಂಸ್ಥೆ, ಸಗಣಿಯ ಬದಲು ಅಡುಗೆಮನೆಯ ಕಸದಿಂದಲೇ ಒಲೆಗೆ ಅನಿಲ ಕೊಡುವ ಪುಟ್ಟ ಸ್ಥಾವರ ರೂಪಿಸಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆದಿದೆ.

ಒಂದು ವಾರ ಹೀಗೆ ಮಾಡಿ ನೋಡಿ

ಏಳು ದಿನ ಹಸಿ ಕಸವನ್ನು ತೂಗಿ, ತಿನ್ನಬಹುದಾಗಿದ್ದು ಎಷ್ಟು, ಸಿಪ್ಪೆ ಎಷ್ಟು ಎಂದು ಬರೆದಿಡಿ. ಮುಂದಿನ ವಾರದ ಸಂತೆ ಚೀಟಿ ಬರೆಯುವಾಗ ಅದನ್ನು ನೋಡಿಕೊಳ್ಳಿ. ಇನ್ನು ತರಕಾರಿ ಗಾಡಿಯ ಮುಂದೆ ನಿಂತಾಗ, ಇವತ್ತೇ ಅಡುಗೆಗೆ ಬೇಕಾದ ಟೊಮೆಟೊವನ್ನು ಬುಟ್ಟಿಯ ತಳದಿಂದ ಆರಿಸಿ. ಒಗ್ಗರಣೆಗೆ ಬಿದ್ದ ಮೇಲೆ ಅದು ದುಂಡಗಿತ್ತೋ ಸೊಟ್ಟಗಿತ್ತೋ ಯಾರಿಗೂ ತಿಳಿಯುವುದಿಲ್ಲ.